ಗಿಣ್ಣು ಹಾಲಾಗುವ ಬಗೆ

ಕಳೆದ ಮಾಗಿಯ ಒಂದು ಬೆಳಿಗ್ಗೆ ನಮ್ಮ ವಿದ್ಯಾರ್ಥಿಯೊಬ್ಬನು ಮುಚ್ಚಳವಿದ್ದ ಸ್ಟೀಲಿನ ಡಬ್ಬಿಯೊಂದನ್ನು ಹಿಡಿದುಕೊಂಡು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಿದ್ದನು. ಹೊಸಕೋಟೆಗೆ ಸಮೀಪದ ಹಳ್ಳಿಯೊಂದು ಅವನ ಊರು. ಹಿಂದಿನ ರಾತ್ರಿ ಎರಡು ಗಂಟೆಯ ಸುಮಾರಿಗೆ ಅವರ ಮನೆಯ ಸೀಮೆಹಸು ಕರು ಹಾಕಿತ್ತು. ಡಬ್ಬಿಯಲ್ಲಿದ್ದುದು ಬೆಳಗಿನ ಜಾವ ಕರೆದ ಮೊದಲ ಗಿಣ್ಣು. ದ್ರವಗಳ ಸಾಂದ್ರತೆಯ ಪಾಠ ಆ ವಾರವೇ ನಡೆದಿತ್ತಾದ್ದರಿಂದ, ಗಿಣ್ಣಿನಲ್ಲಿ ಕ್ಷೀರಮಾಪಕವನ್ನು ಇಳಿಸಿ ನೋಡಬೇಕೆಂಬ ಕುತೂಹಲ ಅವನಿಗೆ ಹುಟ್ಟಿತ್ತು.

ಎತ್ತರದ ಗಾಜಿನ ಜಾಡಿಯೊಂದಕ್ಕೆ ಗಿಣ್ಣನ್ನು ಸುರಿದು, ಅದು ಕೋಣೆಯ ಉಷ್ಣತೆಗೆ ಬಂದ ಮೇಲೆ ಕ್ಷೀರಮಾಪಕವನ್ನು ಮೆಲ್ಲನೆ ಬಿಟ್ಟೆವು. ಒಳ್ಳೆಯ ಹಾಲಿನಲ್ಲಿ ೩೦ರ ಗುರುತಿನ ಆಸುಪಾಸಿಗೆ ಮುಳುಗುವ ಆ ಉಪಕರಣ, ಇಲ್ಲಿ ತನ್ನ ಅಳತೆಪಟ್ಟಿಯನ್ನೆಲ್ಲ ಮೇಲಕ್ಕೆತ್ತಿಕೊಂಡು ತೇಲತೊಡಗಿತು. ಹಾಲಿಗಾಗಿ ಮಾಡಿದ ಉಪಕರಣದ ಅಳವಿಗೆ ಗಿಣ್ಣು ಸಿಗಲಿಲ್ಲ. ಹುಡುಗರು ನಕ್ಕರು. ನಾವು ಸಹಜವಾಗಿಯೇ ಕೇಳಿದೆವು: "ಕರು ಕುಡಿಯಿತೇನಪ್ಪ?"

"ಇನ್ನೂ ಇಲ್ಲ ಸಾರ್. ಕಸ ಬಿದ್ದಿಲ್ಲ. ಕಸ ಬೀಳೋ ತನಕ ಕರುಗೆ ಮೊಲೆ ಕೊಡಬಾರದು ಅಂತಾರೆ ನಮ್ಮಜ್ಜಿ."

ಗಡಿಯಾರ ಒಂಬತ್ತನ್ನು ತೋರಿಸುತ್ತಿದ್ದಿತು. ಕರು ಹುಟ್ಟಿ ಏಳು ಗಂಟೆಗಳಾಗಿದ್ದವು. ಹಿಂದಿನ ವರ್ಷದ ಕರು ಹತ್ತನೆಯ ದಿನ ಭೇದಿ ಹತ್ತಿ ಸತ್ತಿತೆಂದೂ ಅವನೇ ಹೇಳಿದನು. ನಾವು ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ, ಮನೆಗೆ ಫೋನು ಮಾಡಿ ಕರುವನ್ನು ಕೂಡಲೇ ತಾಯಿಯ ಕೆಚ್ಚಲಿಗೆ ಬಿಡಿಸುವಂತೆ ಅವನಿಗೆ ಹೇಳಿದೆವು. ಭೌತಶಾಸ್ತ್ರದ ಮೇಷ್ಟ್ರಿಗೆ ದನದ ಕೊಟ್ಟಿಗೆಯ ವಿಚಾರದಲ್ಲಿ ಇಷ್ಟು ಆತುರವೇಕೆ ಎಂದು ವಾಚಕರಿಗೆ ಅನ್ನಿಸಬಹುದು. ಆ ಆತುರಕ್ಕೆ ಕಾರಣವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೂರು ಹೊತ್ತಿನ ಲೆಕ್ಕ

ಕರು ಹಾಕಿದ ಹಸುವನ್ನು ದಿನಕ್ಕೆ ಎರಡು ಹೊತ್ತು ಕರೆಯುವುದು ವಾಡಿಕೆ. ಈ ಒಂದೊಂದು ಹೊತ್ತಿನಲ್ಲಿಯೂ ಬರುವ ದ್ರವ ಹಿಂದಿನ ಹೊತ್ತಿನದರಂತಿರುವುದಿಲ್ಲ. ಕಪ್ಪು ಬಿಳುಪು ಮೈಬಣ್ಣದ ಹೋಲ್‌ಸ್ಟೈನ್ ತಳಿಯ ಹಸುಗಳಲ್ಲಿ ಈ ಮಾರ್ಪಾಟನ್ನು ವಿವರವಾಗಿ ಅಳೆದಿರುವರು. ಇಂದು ಹೊಸಕೋಟೆಯ ಸುತ್ತಲಿನ ಸೀಮೆಹಸುಗಳಲ್ಲಿ ಬಹುಪಾಲಿನವುಗಳ ಮೈಯಲ್ಲಿ ಹರಿಯುವುದು ಇದೇ ತಳಿಯ ರಕ್ತ. ಸರಾಸರಿ ಅಂಕೆಗಳು ಹೀಗಿವೆ. ಸಾಂದ್ರತೆಯ ಹೊರತು ಉಳಿದವೆಲ್ಲ ನೂರಕ್ಕೆ ಇಷ್ಟು ಎಂದು ತಿಳಿಯಬೇಕು.

ಮೊದಲನೆಯ ಹೊತ್ತು: ಸಾಪೇಕ್ಷ ಸಾಂದ್ರತೆ ೧.೦೫೬, ಒಟ್ಟು ಘನಾಂಶ ೨೩.೯, ಜಿಡ್ಡು ೬.೭, ಪ್ರೋಟೀನು ೧೪.೦, ಹಾಲುಸಕ್ಕರೆ ೨.೭.
ಎರಡನೆಯ ಹೊತ್ತು: ಸಾಪೇಕ್ಷ ಸಾಂದ್ರತೆ ೧.೦೪೦, ಒಟ್ಟು ಘನಾಂಶ ೧೭.೯, ಜಿಡ್ಡು ೫.೪, ಪ್ರೋಟೀನು ೮.೪; ಹಾಲುಸಕ್ಕರೆ ೩.೯.
ಮೂರನೆಯ ಹೊತ್ತು: ಸಾಪೇಕ್ಷ ಸಾಂದ್ರತೆ ೧.೦೩೫, ಒಟ್ಟು ಘನಾಂಶ ೧೪.೧; ಜಿಡ್ಡು ೩.೯, ಪ್ರೋಟೀನು ೫.೧, ಹಾಲುಸಕ್ಕರೆ ೪.೪.
ಸಾಧಾರಣ ಹಾಲು: ಸಾಪೇಕ್ಷ ಸಾಂದ್ರತೆ ೧.೦೩೨, ಒಟ್ಟು ಘನಾಂಶ ೧೨.೯, ಜಿಡ್ಡು ೪.೦, ಪ್ರೋಟೀನು ೩.೧, ಹಾಲುಸಕ್ಕರೆ ೫.೦.

ಈ ಪಟ್ಟಿಯಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಒಂದೂವರೆ ದಿನದೊಳಗೆ ಪ್ರೋಟೀನು ಹದಿನಾಲ್ಕರಿಂದ ಐದಕ್ಕೆ ಇಳಿಯುತ್ತದೆ. ಅದೇ ಕಾಲದಲ್ಲಿ ಹಾಲುಸಕ್ಕರೆ ಮಾತ್ರ ಏರುತ್ತಾ ಹೋಗುತ್ತದೆ. ಒಂದು ಇಳಿಯುವುದೂ ಇನ್ನೊಂದು ಏರುವುದೂ ಕೇವಲ ಆಕಸ್ಮಿಕವಲ್ಲವೆಂಬುದನ್ನು ಮುಂದೆ ನೋಡೋಣ.

ಕ್ಷೀರಮಾಪಕ ನಮ್ಮನ್ನು ಮೋಸಗೊಳಿಸಬಲ್ಲುದು ಎಂಬುದಕ್ಕೂ ಈ ಪಟ್ಟಿಯಲ್ಲಿ ಒಂದು ಒಳ್ಳೆಯ ಲೆಕ್ಕವಿದೆ. ಅದರ ಗುರುತುಗಳು, ದ್ರವದ ಸಾಂದ್ರತೆ ನೀರಿನದಕ್ಕಿಂತ ಸಾವಿರಕ್ಕೆ ಎಷ್ಟು ಹೆಚ್ಚು ಎಂಬುದನ್ನು ಹೇಳುತ್ತವೆ: ಹಾಲಿಗೆ ೩೨, ಗಿಣ್ಣಿಗೆ ೫೬. ಒಂದು ಲೀಟರ್ ಗಿಣ್ಣಿಗೆ ಮುಕ್ಕಾಲು ಲೀಟರ್ ನೀರನ್ನು ಬೆರೆಸಿದರೆ, ೫೬ರ ಹೆಚ್ಚಳ ಒಂದೂಮುಕ್ಕಾಲು ಲೀಟರಿನಲ್ಲಿ ಹರಡಿಕೊಳ್ಳುತ್ತದೆ. ೫೬ನ್ನು ೧.೭೫ರಿಂದ ಭಾಗಿಸಿದರೆ ಬರುವುದು ಸರಿಯಾಗಿ ೩೨. ಕ್ಷೀರಮಾಪಕದ ಕಣ್ಣಿಗೆ ಇದು ಅಪ್ಪಟ ಹಾಲು! ಆದರೆ ಒಲೆಯ ಮುಂದೆ ಈ ಮೋಸ ನಡೆಯದು. ಕಾಯಿಸಿದ ಕೂಡಲೇ ಗುಟ್ಟು ಬಯಲಾಗುತ್ತದೆ.

ಕಾಯಿಸಿದರೆ ಗಟ್ಟಿಯಾಗುವುದೇಕೆ?

ಹಾಲನ್ನು ಕಾಯಿಸಿದರೆ ಉಕ್ಕುತ್ತದೆ; ಗಿಣ್ಣನ್ನು ಕಾಯಿಸಿದರೆ ಹೆಪ್ಪುಗಟ್ಟುತ್ತದೆ. ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿ ಬೇಯಿಸಿದ ಗಿಣ್ಣಿನ ರುಚಿಯನ್ನು ಅರಿಯದವರು ನಮ್ಮ ಸೀಮೆಯಲ್ಲಿ ಕಡಿಮೆ. ಮೊಸರಾಗಲು ಹೆಪ್ಪು ಬೇಕು, ಪನೀರಾಗಲು ಹುಳಿ ಬೇಕು. ಇವಾವುವೂ ಇಲ್ಲದೆ ಬರಿಯ ಶಾಖದಿಂದಲೇ ಗಿಣ್ಣು ಗಟ್ಟಿಯಾಗುವುದು ಹೇಗೆ?

ಹಾಲಿನ ಪ್ರೋಟೀನುಗಳಲ್ಲಿ ಎರಡು ಪಂಗಡಗಳುಂಟು. ಒಂದು ಕೇಸೀನು. ಇದು ಹುಳಿಗೆ ಸೋಲುತ್ತದೆ, ಕುದಿತಕ್ಕೆ ಸೋಲುವುದಿಲ್ಲ. ಇನ್ನೊಂದು, ಹಾಲು ಒಡೆದಾಗ ತಿಳಿಯಾದ ನೀರಿನಲ್ಲಿ ಉಳಿಯುವ ಪ್ರೋಟೀನುಗಳ ಪಂಗಡ. ಇವುಗಳ ಅಣುಗಳು ಸುತ್ತಿಟ್ಟ ದಾರದ ಉಂಡೆಗಳಂತಿವೆ. ಉಷ್ಣತೆ ೭೦ ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತಲೇ ಉಂಡೆಗಳು ಬಿಚ್ಚಿಕೊಳ್ಳತೊಡಗಿ, ದಾರಗಳು ಒಂದಕ್ಕೊಂದು ತೊಡರಿಕೊಂಡು, ನೀರನ್ನು ತಮ್ಮೊಳಗೆ ಹಿಡಿದಿಟ್ಟ ಬಲೆಯಾಗುತ್ತವೆ. ಕೋಳಿಮೊಟ್ಟೆಯ ಬಿಳಿಭಾಗ ಬೆಂದು ಗಟ್ಟಿಯಾಗುವುದೂ ಇದೇ ಕ್ರಮದಿಂದ.

ಸಾಧಾರಣ ಹಾಲಿನ ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೇಸೀನು. ಮೊದಲ ಹೊತ್ತಿನ ಗಿಣ್ಣಿನಲ್ಲಿ ಅದು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದ ಎರಡು ಪಾಲು ಶಾಖಕ್ಕೆ ಗಟ್ಟಿಯಾಗುವ ಪಂಗಡ. ಮೊದಲ ದಿನದ ಗಿಣ್ಣಿಗೆ ಬಿಳಿಯ ಹಾಲನ್ನು ಬೆರೆಸದಿದ್ದರೆ ಕಲ್ಲಾಗುವುದೆಂದೂ, ಮೂರನೆಯ ದಿನದ್ದು ಸರಿಯಾಗಿ ಕಟ್ಟುವುದಿಲ್ಲವೆಂದೂ ನಮ್ಮ ಗೃಹಿಣಿಯರು ಬಲ್ಲರು. ಮೇಲಿನ ಪಟ್ಟಿಯನ್ನು ಅವರು ಒಲೆಯ ಮೇಲೆ ಓದಿಕೊಂಡಿರುವರು ಎನ್ನಬಹುದು.

ಊರಿನ ಡೈರಿಯಲ್ಲಿ ಹೊಸದಾಗಿ ಕರು ಹಾಕಿದ ಹಸುವಿನ ಹಾಲನ್ನು ಕೆಲವು ದಿನ ತೆಗೆದುಕೊಳ್ಳದಿರುವುದಕ್ಕೂ ಇದೇ ಕಾರಣ. ಪಾಶ್ಚರೀಕರಣದಲ್ಲಿ ಹಾಲನ್ನು ೭೨ ಡಿಗ್ರಿಗೆ ಏರಿಸಿ ಹದಿನೈದು ಸೆಕೆಂಡು ಹಿಡಿಯುವರು. ಗಿಣ್ಣು ಬೆರೆತಿದ್ದರೆ ಅದು ಕಾದ ಲೋಹದ ತಗಡುಗಳಿಗೆ ಅಂಟಿಕೊಳ್ಳುತ್ತದೆ. ಮಾರಾಟದ ಹಾಲು ಗಿಣ್ಣಿನಿಂದ ಮುಕ್ತವಾಗಿರತಕ್ಕದ್ದೆಂದು ನಮ್ಮ ದೇಶದ ಆಹಾರ ನಿಯಮಗಳೂ ಹೇಳುತ್ತವೆ.

ನೀರನ್ನು ಸೆಳೆಯುವ ಸಕ್ಕರೆ

ಗಿಣ್ಣು ಹಾಲಾಗಿ ಮಾರ್ಪಡುವುದಾದರೂ ಏಕೆ? ಇದರ ಕೀಲಿಕೈ ಹಾಲುಸಕ್ಕರೆಯಲ್ಲಿದೆ.

ಕೆಚ್ಚಲಿನ ಜೀವಕಣಗಳ ಒಂದು ಬದಿಯಲ್ಲಿ ರಕ್ತ, ಮತ್ತೊಂದು ಬದಿಯಲ್ಲಿ ಹಾಲು. ನಡುವಿನ ತೆರೆಯ ಮೂಲಕ ನೀರು ಸುಲಭವಾಗಿ ಸಾಗಬಲ್ಲುದು. ಎರಡು ಬದಿಯ ದ್ರಾವಣಗಳಲ್ಲಿ ಕರಗಿರುವ ಕಣಗಳ ಸಂಖ್ಯೆ ಸಮವಾಗುವ ತನಕ ನೀರು ಕಡಿಮೆ ಕಣಗಳಿರುವ ಕಡೆಯಿಂದ ಹೆಚ್ಚು ಕಣಗಳಿರುವ ಕಡೆಗೆ ಹರಿಯುತ್ತದೆ. ಇದೇ ಅಭಿಸರಣವೆಂದು ವಿದ್ಯಾರ್ಥಿಗಳು ಓದಿರುವರು. ಆದುದರಿಂದ ಹಾಲು ಎಂದಿಗೂ ರಕ್ತದೊಡನೆ ಸಮತೋಲದಲ್ಲಿರುತ್ತದೆ. ಶೂನ್ಯಕ್ಕಿಂತ ಸುಮಾರು ಅರ್ಧ ಡಿಗ್ರಿ, ಇನ್ನೂ ಸರಿಯಾಗಿ ಹೇಳುವುದಾದರೆ ೦.೫೩ ಡಿಗ್ರಿಯಷ್ಟು ಕೆಳಗೆ ಹೆಪ್ಪುಗಟ್ಟುವ ಅದರ ಸ್ವಭಾವ ಬಹಳ ಮಟ್ಟಿಗೆ ಬದಲಾಗುವುದಿಲ್ಲ.

ಇಲ್ಲಿ ಎಣಿಕೆಗೆ ಬರುವುದು ಕಣಗಳ ಸಂಖ್ಯೆಯೇ ಹೊರತು ತೂಕವಲ್ಲ. ಒಂದು ಲೀಟರ್ ಹಾಲಿನಲ್ಲಿ ೫೦ ಗ್ರಾಂ ಹಾಲುಸಕ್ಕರೆಯಿದೆ. ಅದರ ಅಣುತೂಕ ೩೪೨, ಭಾಗಿಸಿದರೆ ೦.೧೪೬ ಮೋಲ್. ನೀರಿನಲ್ಲಿ ಕರಗಿದ ಒಂದು ಮೋಲ್ ಕಣಗಳು ಘನೀಭವನ ಬಿಂದುವನ್ನು ೧.೮೬ ಡಿಗ್ರಿ ಇಳಿಸುವುದರಿಂದ, ಹಾಲುಸಕ್ಕರೆಯೊಂದರಿಂದಲೇ ೦.೨೭ ಡಿಗ್ರಿ ಇಳಿಯಬೇಕು. ಅಂದರೆ ಒಟ್ಟು ಇಳಿತದ ಅರ್ಧ ಭಾಗ! ಉಳಿದರ್ಧ ಮುಖ್ಯವಾಗಿ ಲವಣಗಳಿಂದ. ಇನ್ನು ಮೊದಲ ಗಿಣ್ಣಿನಲ್ಲಿ ಹಾಲುಸಕ್ಕರೆಗಿಂತ ಹೆಚ್ಚು ತೂಕದ ರಕ್ಷಕ ಪ್ರೋಟೀನಿದೆ, ಲೀಟರಿಗೆ ಸುಮಾರು ೩೨ ಗ್ರಾಂ. ಆದರೆ ಅದರ ಅಣುತೂಕ ಒಂದೂವರೆ ಲಕ್ಷದಷ್ಟು. ಭಾಗಿಸಿ ನೋಡಿದರೆ ೦.೦೦೦೨ ಮೋಲ್. ನೀರನ್ನು ಎಳೆಯುವ ಹಗ್ಗಜಗ್ಗಾಟದಲ್ಲಿ ಈ ಸ್ಥೂಲಕಾಯರ ಬಲ ಏನೂ ಇಲ್ಲವೆನ್ನುವಷ್ಟು ಕಡಿಮೆ.

ಈಗ ಕೊಟ್ಟಿಗೆಗೆ ಹಿಂದಿರುಗೋಣ. ಹಸು ಗರ್ಭ ಧರಿಸಿರುವ ತನಕ ಅದರ ರಕ್ತದಲ್ಲಿರುವ ಪ್ರೊಜೆಸ್ಟಿರೋನ್ ಎಂಬ ಹಾರ್ಮೋನು ಹಾಲುಸಕ್ಕರೆಯ ತಯಾರಿಕೆಯನ್ನು ತಡೆಹಿಡಿದಿರುತ್ತದೆ. ಕಡೆಯ ಕೆಲವು ವಾರಗಳಲ್ಲಿ ರಕ್ಷಕ ಪ್ರೋಟೀನುಗಳು ರಕ್ತದಿಂದ ಕೆಚ್ಚಲಿಗೆ ಬಂದು ಶೇಖರವಾಗುತ್ತವೆ. ಸಕ್ಕರೆ ಕಡಿಮೆಯಿರುವುದರಿಂದ ನೀರೂ ಕಡಿಮೆ, ದ್ರವ ಮಂದ. ಹೆರಿಗೆ ಸಮೀಪಿಸಿದಾಗ ಆ ಹಾರ್ಮೋನು ಥಟ್ಟನೆ ಇಳಿಯುತ್ತದೆ. ರಕ್ಷಕ ಪ್ರೋಟೀನುಗಳ ಸಾಗಣೆ ನಿಲ್ಲುತ್ತದೆ. ಹಾಲುಸಕ್ಕರೆಯ ತಯಾರಿಕೆ ಭರದಿಂದ ಮೊದಲಾಗುತ್ತದೆ. ಸಕ್ಕರೆ ನೀರನ್ನು ಸೆಳೆಯುತ್ತದೆ. ಶೇಖರವಾಗಿದ್ದ ಪ್ರೋಟೀನು ತೆಳುವಾಗುತ್ತದೆ. ಗಿಣ್ಣು ಹಾಲಾಗುವುದೆಂದರೆ ಇದೇ.

ಇದರಿಂದ ಹೊರಡುವ ಒಂದು ನಿರ್ಣಯವನ್ನು ದನ ಸಾಕುವವರೆಲ್ಲರೂ ಗಮನಿಸಬೇಕು. ಕರೆಯದೆ ಬಿಟ್ಟರೂ ಕೆಚ್ಚಲಿನೊಳಗೆ ಸಕ್ಕರೆ ನೀರನ್ನು ಸೆಳೆಯುತ್ತಲೇ ಇರುತ್ತದೆ. ಗಂಟೆ ಕಳೆದಂತೆಲ್ಲ ಗಿಣ್ಣು ತೆಳುವಾಗುತ್ತದೆ.

ಮುಚ್ಚಿಹೋಗುವ ಬಾಗಿಲು

ರಕ್ಷಕ ಪ್ರೋಟೀನು ಎಂದೆವು, ಯಾವುದರಿಂದ ರಕ್ಷಣೆ? ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವನು ಜರ್ಮನಿಯ ಪಾಲ್ ಎರ್ಲಿಕ್. ೧೮೯೨ರಲ್ಲಿ ಪ್ರಕಟವಾದ ಅವನ ಪ್ರಯೋಗದಲ್ಲಿ ಬಳಕೆಯಾದ ವಿಷಗಳು ನಮಗೆ ಅಪರಿಚಿತವಲ್ಲ: ಒಂದು ಗುಲಗಂಜಿ ಬೀಜದ್ದು, ಇನ್ನೊಂದು ಹರಳುಬೀಜದ್ದು. ಹೆಣ್ಣಿಲಿಗಳಿಗೆ ವಿಷವನ್ನು ಸ್ವಲ್ಪಸ್ವಲ್ಪವಾಗಿ ರೂಢಿಸಿ, ಅವು ಅದಕ್ಕೆ ಜಗ್ಗದಂತೆ ಮಾಡಿದನು. ಆಮೇಲೆ ಮರಿಗಳನ್ನು ಅದಲುಬದಲು ಮಾಡಿ ಹಾಲು ಕುಡಿಸಿದನು. ರೂಢಿಯಿಲ್ಲದ ತಾಯಿಗೆ ಹುಟ್ಟಿದರೂ, ರೂಢಿಯಾದ ದಾದಿಯ ಹಾಲನ್ನು ಕುಡಿದ ಮರಿಗಳು ವಿಷವನ್ನು ತಡೆದುಕೊಂಡವು. ರಕ್ಷಣೆ ಹಾಲಿನಲ್ಲಿ ಬಂದಿತ್ತು.

ಕರುವಿನ ವಿಚಾರದಲ್ಲಿ ಇದು ಜೀವನ್ಮರಣದ ಪ್ರಶ್ನೆ. ಮನುಷ್ಯರಲ್ಲಿ ತಾಯಿಯ ರಕ್ತದ ರಕ್ಷಕ ಪ್ರೋಟೀನುಗಳು ಮಾಸಿನ ಮೂಲಕ ಸಾಗಿ, ಮಗು ಹುಟ್ಟುವಾಗಲೇ ಅದರ ರಕ್ತದಲ್ಲಿರುತ್ತವೆ. ಹಸುವಿನ ಮಾಸಿನಲ್ಲಿ ತಾಯಿಯ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ಇರುವ ಪದರಗಳು ಹೆಚ್ಚು; ದೊಡ್ಡ ಅಣುಗಳಿಗೆ ಅಲ್ಲಿ ದಾರಿಯಿಲ್ಲ. ಆದುದರಿಂದ ಕರು ಹುಟ್ಟುವಾಗ ಅದರ ರಕ್ತದಲ್ಲಿ ಈ ರಕ್ಷಣೆ ಬಹುಮಟ್ಟಿಗೆ ಇರುವುದೇ ಇಲ್ಲ. ಗರ್ಭದಲ್ಲಿ ದೊರೆಯದುದನ್ನು ಅದು ಕೆಚ್ಚಲಿನಿಂದ ಪಡೆಯಬೇಕು.

ಕರುಳಿನೊಳಗೆ ಹೋದ ಪ್ರೋಟೀನು ಜೀರ್ಣವಾಗಿ ಚೂರಾಗುವುದು ಸಾಮಾನ್ಯ ನಿಯಮ. ನವಜಾತ ಕರುವಿನಲ್ಲಿ ಮಾತ್ರ ಪ್ರಕೃತಿ ಈ ನಿಯಮವನ್ನು ತುಸುಕಾಲ ಸಡಿಲಿಸಿದೆ. ಅದರ ಸಣ್ಣಕರುಳಿನ ಜೀವಕಣಗಳು ಆ ದೈತ್ಯ ಅಣುಗಳನ್ನು ಇಡಿಯಾಗಿಯೇ ನುಂಗಿ ರಕ್ತಕ್ಕೆ ದಾಟಿಸುತ್ತವೆ. ಈ ಬಾಗಿಲು ಪೂರ್ತಿ ತೆರೆದಿರುವುದು ಮೊದಲ ಕೆಲವೇ ಗಂಟೆಗಳು. ಗಂಟೆಗಂಟೆಗೂ ಅದು ಕಿರಿದಾಗುತ್ತಾ, ಸುಮಾರು ೨೪ ಗಂಟೆಗಳಲ್ಲಿ ಮುಚ್ಚಿಹೋಗುತ್ತದೆ. ಆ ಬಳಿಕ ಕೊಡಗಟ್ಟಲೆ ಗಿಣ್ಣನ್ನು ಕುಡಿಸಿದರೂ ಅದು ಹೊಟ್ಟೆ ತುಂಬಿಸೀತು. ರಕ್ತಕ್ಕೆ ರಕ್ಷಣೆಯನ್ನು ಒದಗಿಸಲಾರದು.

ಅತ್ತ ಕೆಚ್ಚಲಿನಲ್ಲಿಯೂ ಕಾಲ ಓಡುತ್ತಿರುತ್ತದೆ. ನಮ್ಮ ಪಟ್ಟಿಯ ಹಸುಗಳಲ್ಲಿಯೇ ರಕ್ಷಕ ಪ್ರೋಟೀನು ಮೊದಲ ಹೊತ್ತಿನಲ್ಲಿ ನೂರಕ್ಕೆ ೩.೨, ಎರಡನೆಯ ಹೊತ್ತಿನಲ್ಲಿ ೨.೫, ಮೂರನೆಯದರಲ್ಲಿ ೧.೫, ಸಾಧಾರಣ ಹಾಲಿನಲ್ಲಿ ೦.೦೬ ಮಾತ್ರ. ಒಂದು ಕಡೆ ಬಾಗಿಲು ಮುಚ್ಚುತ್ತಿದೆ, ಇನ್ನೊಂದು ಕಡೆ ಭಂಡಾರ ಬರಿದಾಗುತ್ತಿದೆ. ಇಷ್ಟೇ ಅಲ್ಲದೆ, ತೆರೆದ ಬಾಗಿಲಲ್ಲಿ ಕೊಟ್ಟಿಗೆಯ ಗಂಜಳ ಸಗಣಿಗಳ ರೋಗಾಣುಗಳೂ ನುಗ್ಗಬಲ್ಲವು. ಮೊದಲು ಯಾರು ಒಳಹೊಕ್ಕರು ಎಂಬುದರ ಮೇಲೆ ಕರುವಿನ ಭವಿಷ್ಯ ನಿಂತಿರುತ್ತದೆ.

ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟ್ಲ್ ಎಂಬವರು ೧೯೨೨ರಲ್ಲಿ ಇದನ್ನು ಕರುಗಳಲ್ಲಿಯೇ ಪರೀಕ್ಷಿಸಿದರು. ಒಂದೇ ಬಗೆಯ ಆರೈಕೆಯಲ್ಲಿದ್ದ ಕರುಗಳಲ್ಲಿ, ಗಿಣ್ಣು ಕುಡಿದವು ಉಳಿದವು. ಗಿಣ್ಣಿಲ್ಲದೆ ಬರಿಯ ಹಾಲನ್ನು ಕುಡಿದವುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತವು. ಅದೇ ದಶಕದಲ್ಲಿ, ೧೯೨೫ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಸ್ಥಾಪನೆಯಾಯಿತು. ದೊಡ್ಡರೋಗದಿಂದ ದನಗಳನ್ನು ಕಾಪಾಡಲು ರಕ್ಷಕ ಪ್ರೋಟೀನುಗಳಿಂದ ಕೂಡಿದ ರಕ್ತಸಾರವನ್ನು ತಯಾರಿಸುವುದು ಅಂದಿನ ಅಗತ್ಯವಾಗಿದ್ದಿತು. ಒಂದು ಪ್ರಾಣಿಯ ರಕ್ಷಣೆಯನ್ನು ಮತ್ತೊಂದಕ್ಕೆ ಎರವಲಾಗಿ ಕೊಡುವ ಆ ಉಪಾಯವನ್ನು ಪ್ರತಿಯೊಂದು ಹಸುವೂ ಸೂಜಿಯಿಲ್ಲದೆ ಮಾಡುತ್ತಿದೆ.

ನಾಟಿ ಹಸು, ಸೀಮೆಹಸು

ಪಾಶ್ಚಾತ್ಯ ದೇಶಗಳಲ್ಲಿ ಮಾಂಸಕ್ಕಾಗಿ ಸಾಕುವ ಹಸುಗಳನ್ನು ಕರೆಯುವುದೇ ಇಲ್ಲ. ಇದ್ದಷ್ಟು ಹಾಲೂ ಕರುವಿಗೆ ಸಲ್ಲುತ್ತದೆ. ನಮ್ಮಲ್ಲಿ ಅವಕ್ಕೆ ಹತ್ತಿರವಾಗಿ ನಿಲ್ಲುವುದು ಉಳುಮೆಯ ತಳಿಗಳು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಕೊಂಬು ಸವರಿಸಿಕೊಂಡು ನಿಲ್ಲುವ ಹಳ್ಳಿಕಾರ್ ಜೋಡಿಗಳನ್ನು ಈ ಜಿಲ್ಲೆಯವರೆಲ್ಲ ನೋಡಿರುವರು. ೨೦೦೦ರಲ್ಲಿ ಭಾರತದ ಅಂಚೆಚೀಟಿಯ ಮೇಲೂ ಈ ತಳಿ ಬಂದಿತು. ಹಳ್ಳಿಕಾರ್ ಹಸು ಒಂದು ಕರಾವಿನಲ್ಲಿ ಕೊಡುವ ಹಾಲು ಸುಮಾರು ಐನೂರು ಲೀಟರ್ ಮಾತ್ರ. ಒಳ್ಳೆಯ ಸೀಮೆಹಸು ಅಷ್ಟನ್ನು ಒಂದೆರಡು ತಿಂಗಳಲ್ಲಿ ಕೊಡುತ್ತದೆ.

ಆದರೆ ಕಡಿಮೆ ಹಾಲಿನ ಹಸುಗಳಲ್ಲಿ ಗಿಣ್ಣು ಸಾಮಾನ್ಯವಾಗಿ ಹೆಚ್ಚು ಮಂದ. ಮಾಂಸದ ತಳಿಗಳಲ್ಲಿ ಅಳೆದು ನೋಡಿದವರು, ಹಾಲಿನ ತಳಿಗಳದ್ದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ರಕ್ಷಕ ಪ್ರೋಟೀನನ್ನು ಕಂಡಿರುವರು. ಕಾರಣವನ್ನು ವಾಚಕರು ಈಗಾಗಲೇ ಊಹಿಸಿರಬಹುದು: ಸಕ್ಕರೆ ಕಡಿಮೆ ತಯಾರಾದರೆ ನೀರೂ ಕಡಿಮೆ, ತೆಳುವಾಗುವುದೂ ಕಡಿಮೆ. ಹೆಚ್ಚು ಕರೆಯುವ ಹಸುವಿನ ಕರುವಿಗೆ ಅಷ್ಟೇ ರಕ್ಷಣೆ ಸಿಗಬೇಕಾದರೆ ಹೆಚ್ಚು ಗಿಣ್ಣನ್ನು ಕುಡಿಯಬೇಕು.

ಮೊದಲ ವಾರದ ಈ ಭರದ ಮಾರ್ಪಾಟು ಮುಗಿದ ಮೇಲೂ ಹಾಲು ನಿಂತ ನೀರಾಗುವುದಿಲ್ಲ. ಆರೇಳು ವಾರಗಳ ತನಕ ಹಾಲಿನ ಪ್ರಮಾಣ ಏರುತ್ತದೆ. ಜಿಡ್ಡು, ಪ್ರೋಟೀನುಗಳ ಶೇಕಡಾವಾರು ಆ ಹೊತ್ತಿಗೆ ಎಲ್ಲಕ್ಕಿಂತ ಕಡಿಮೆಯಾಗಿರುತ್ತದೆ. ಅನಂತರ ಹಾಲು ಇಳಿದಂತೆ ಅವು ಮತ್ತೆ ಏರುತ್ತವೆ. ಹಾಲುಸಕ್ಕರೆ ಮಾತ್ರ ಬಹುಕಾಲ ಐದರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ನೀರಿನ ಲಗಾಮು ಅದರ ಕೈಯಲ್ಲಿರುವುದರಿಂದ ಹೀಗಾಗುವುದು ಸಹಜವೇ ಆಗಿದೆ.

ಮೊದಲ ಪಾಲು ಯಾರದು?

ಕಸ ಬೀಳುವ ತನಕ ಕರುವಿಗೆ ಮೊಲೆ ಕೊಡಬಾರದೆಂಬ ನಂಬಿಕೆ ನಮ್ಮ ದೇಶದ ಅನೇಕ ಕಡೆಗಳಲ್ಲಿದೆ. ಹಿರಿಯರನ್ನು ಹೀಯಾಳಿಸುವುದರಿಂದ ಪ್ರಯೋಜನವಿಲ್ಲ. ಗಿಣ್ಣು ಮಂದವಾದುದು, ಎಳೆಯ ಕರುಳಿಗೆ ಭಾರವಾದೀತು ಎಂಬ ಅವರ ಅಂಜಿಕೆ ಕರುವಿನ ಮೇಲಿನ ಅಕ್ಕರೆಯಿಂದಲೇ ಹುಟ್ಟಿದುದು. ಆದರೆ ಕಸ ಬೀಳಲು ಹಲವು ಗಂಟೆಗಳು ಹಿಡಿಯಬಹುದು, ಕೆಲವೊಮ್ಮೆ ಒಂದು ದಿನವೇ ಕಳೆಯಬಹುದು. ಅಷ್ಟರಲ್ಲಿ ಕರುಳಿನ ಬಾಗಿಲು ಮುಚ್ಚಿಹೋಗಿರುತ್ತದೆ. ಕರು ಮೊಲೆ ಚೀಪಿದಾಗ ತಾಯಿಯ ರಕ್ತಕ್ಕೆ ಬರುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಹಾಲನ್ನು ಇಳಿಸುವುದಲ್ಲದೆ ಗರ್ಭಕೋಶವನ್ನೂ ಕುಗ್ಗಿಸುತ್ತದೆ. ಆದುದರಿಂದ ಕರು ಕುಡಿಯುವುದು ಕಸ ಬೀಳುವುದಕ್ಕೆ ನೆರವೇ ಹೊರತು ಅಡ್ಡಿಯಲ್ಲ.

ಕೆಚ್ಚಲನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು, ಕರು ಹುಟ್ಟಿದ ಒಂದೆರಡು ಗಂಟೆಗಳೊಳಗೆ ಕುಡಿಯಲು ಬಿಡಬೇಕು. ಕರುವಿನ ತೂಕದ ಹತ್ತರಲ್ಲಿ ಒಂದು ಪಾಲು ಗಿಣ್ಣು ಮೊದಲ ದಿನವೇ, ಅದರಲ್ಲಿಯೂ ಹೆಚ್ಚು ಭಾಗ ಮೊದಲ ಆರು ಗಂಟೆಗಳಲ್ಲಿ, ಅದರ ಹೊಟ್ಟೆ ಸೇರಬೇಕು. ಇಪ್ಪತ್ತು ಕೆ.ಜಿ.ಯ ನಾಟಿ ಕರುವಿಗೆ ಎರಡು ಲೀಟರ್, ಮೂವತ್ತು ಕೆ.ಜಿ.ಯ ಸೀಮೆಕರುವಿಗೆ ಮೂರು. ನಿಲ್ಲಲಾರದ ಕರುವಿಗೆ ಕರೆದು ಕುಡಿಸಬೇಕು, ಕಾಯಿಸಬಾರದು. ಕಾಯಿಸಿದರೆ ಅಣುವಿನ ಉಂಡೆ ಬಿಚ್ಚಿಹೋಗಿ ರಕ್ಷಣೆ ನಾಶವಾಗುವುದೆಂದು ಮೇಲೆ ನೋಡಿದೆವಷ್ಟೆ.

ಹಾಗಾದರೆ ನಮಗೆ ಗಿಣ್ಣು ಇಲ್ಲವೇ? ಉಂಟು. ಬೇಯಿಸಿದ ಗಿಣ್ಣಿನಲ್ಲಿ ರಕ್ಷಣೆ ಉಳಿದಿರುವುದಿಲ್ಲ. ಉಳಿದಿದ್ದರೂ ನಮ್ಮ ಕರುಳು ಅದನ್ನು ಇಡಿಯಾಗಿ ಹೀರಲಾರದು. ನಮಗೆ ಅದು ರುಚಿಯಾದ, ಪುಷ್ಟಿಯಾದ ಆಹಾರ ಮಾತ್ರ. ಸೀಮೆಹಸು ಕರುವಿಗೆ ಬೇಕಾದುದಕ್ಕಿಂತ ಹೆಚ್ಚು ಕೊಡುವುದರಿಂದ, ಕರುವಿನ ಪಾಲು ಸಂದ ಮೇಲೆ ಎರಡನೆಯ ಹೊತ್ತಿನದನ್ನು ಧಾರಾಳವಾಗಿ ಒಲೆಗೇರಿಸಬಹುದು. ಹಳ್ಳಿಕಾರ್ ಹಸುವಿನ ಮೊದಲ ದಿನದ ಗಿಣ್ಣನ್ನಾದರೋ ಪೂರ್ತಿಯಾಗಿ ಕರುವಿಗೇ ಬಿಡುವುದು ನ್ಯಾಯ.

ಆ ಬೆಳಿಗ್ಗೆ ಫೋನಿನಲ್ಲಿ ಅಜ್ಜಿಗೂ ಮೊಮ್ಮಗನಿಗೂ ಸ್ವಲ್ಪ ಹೊತ್ತು ವಾದ ನಡೆಯಿತು. ಕಡೆಗೆ ಅಜ್ಜಿ ಒಪ್ಪಿದರು. ಕರು ಕುಡಿಯಿತು, ಮಧ್ಯಾಹ್ನದ ಹೊತ್ತಿಗೆ ಕಸವೂ ಬಿದ್ದಿತು. ಆ ಕರು ಇಂದು ಹುಲ್ಲು ಮೇಯುತ್ತಿದೆ. ಒಂದು ಕರು ಉಳಿದುದರಿಂದ ಏನನ್ನೂ ಸಿದ್ಧಪಡಿಸಿದಂತಾಗುವುದಿಲ್ಲವೆಂದು ನಾವು ತರಗತಿಯಲ್ಲಿ ಹೇಳಿದೆವು. ತಡವಾಗಿ ಕುಡಿದ ಕರುಗಳೂ ಕೆಲವು ಬದುಕುತ್ತವೆ. ಸಾಕ್ಷ್ಯವಿರುವುದು ೧೯೨೨ರ ಪ್ರಯೋಗದಂತಹ ಹೋಲಿಕೆಗಳಲ್ಲಿ. ಹುಡುಗನು ಅದನ್ನು ಒಪ್ಪಿದನು. ಆದರೆ ಮುಂದಿನ ಸಲ ಗಿಣ್ಣನ್ನು ಪ್ರಯೋಗಶಾಲೆಗೆ ತರುವ ಮುನ್ನ ಕರು ಕುಡಿದಿದೆಯೇ ಎಂದು ನೋಡಿಕೊಂಡೇ ಬರುವುದಾಗಿಯೂ, ತಂದರೆ ಮೂರನೆಯ ಹೊತ್ತಿನದನ್ನು ತರುವುದಾಗಿಯೂ ಹೇಳಿದನು. ಅಷ್ಟು ಹೊತ್ತಿಗೆ ಕ್ಷೀರಮಾಪಕವೂ ತನ್ನ ಅಳತೆಪಟ್ಟಿಯೊಳಗೆ ಮುಳುಗೀತು.